ಒಂದನೇ ಇಯತ್ತೆಯ ಕನ್ನಡ

ಅರ್ಜಿ ತುಂಬುವಾಗ ನಾನು ಸುಳ್ಳು ಹೇಳಿರಲಿಲ್ಲ. ಒಂದರಿಂದ ಹತ್ತನೇ ಇಯತ್ತೆಯವರೆಗೂ ಕನ್ನಡ ಮಾಧ್ಯಮವೇ ಎಂದು ಕೇಳಿದ್ದರು, ಹೌದು ಎಂದು ಗುರುತು ಹಾಕಿದ್ದೆ. ಹಾಗೆ ಓದಿದವರಿಗೆಂದೇ ಮೀಸಲಿಟ್ಟ ಸೀಟುಗಳಿದ್ದವು. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅದರಲ್ಲೊಂದು ನನಗೆ ಬರುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಅವ್ವ ಆಗಲೇ ಖಾನಾಪುರದ ನಮ್ಮ ಓಣಿಗೆಲ್ಲ ಹೇಳಿ ಮುಗಿಸಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದು ಅವಳ ಚಾಳಿ. ಹೊಲಿಗೆಯೇ ಅವಳ ಉದ್ಯೋಗ ಬೇರೆ.

ಓದಿದ ಪ್ರತಿ ಶಾಲೆಯಿಂದಲೂ ಪ್ರಮಾಣಪತ್ರ ಬೇಕೆಂದರು. ಹಾಗಾಗಿ ಜಾಂಬೋಟಿಗೆ ಹೋದೆ. ಎರಡನೇ ಇಯತ್ತೆಯಿಂದ ಮುಂದೆಲ್ಲ ಖಾನಾಪುರದಲ್ಲೇ ಓದಿದವಳು ನಾನು. ಒಂದನೇದು ಮಾತ್ರ ಅಲ್ಲಿ, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು. ಬೆಳಗಾವಿಯ ಶಹಾಪುರದಲ್ಲಿ ಮಗ್ಗ ನಡೆಸುತ್ತಿದ್ದ ಅಪ್ಪ ಆ ವರ್ಷ ತೀರಿಕೊಂಡಿದ್ದ. ತನಗೊಂದು ನೆಲೆ ಸಿಗುವ ತನಕ ಅವ್ವ ನನ್ನನ್ನು ಅಲ್ಲಿ ಬಿಟ್ಟಿದ್ದಳು. ಅವಳು ಆ ಶಾಲೆಯ ಮುಖ ನೋಡಿದವಳೇ ಅಲ್ಲ. ಚಿಕ್ಕಮ್ಮನೂ ಮುಂದೆ ಊರು ಬಿಟ್ಟಳು, ನಾನು ಆ ಕಡೆ ಮತ್ತೆ ಹೋಗಿರಲಿಲ್ಲ. ನನಗೆ ನೆನಪಿದ್ದದ್ದು ಬಾಗಿಲಲ್ಲಿ ಸಾಲಾಗಿ ಬಿಟ್ಟ ಒದ್ದೆ ಚಪ್ಪಲಿಗಳು, ಮತ್ತೆ ಪಾಠ ಹೇಳುತ್ತಿದ್ದ ಅಕ್ಕೋರ ಕನ್ನಡ.

ಅಕ್ಕೋರು ಈಗ ಅಲ್ಲಿಯ ಮುಖ್ಯಾಧ್ಯಾಪಕಿ. ಬಾಗಿಲ ಮೇಲಿನ ಫಲಕ ಮರಾಠಿಯಲ್ಲಿತ್ತು. ಒಳಗೆ ಮಕ್ಕಳು ಮರಾಠಿಯಲ್ಲೇ ಮಗ್ಗಿ ಹೇಳುತ್ತಿದ್ದರು.

"ಕನ್ನಡ ಸಾಲಿ ಯಾವಾಗ ಬಂದ್ ಆತ್ರಿ?" ಎಂದು ಕೇಳಿದೆ.

"ಇದು ಮೊದಲಿಂದ್ಲೂ ಮರಾಠಿ ಸಾಲೀನೇ ಐತಿ."

"ನೀವು ಕನ್ನಡದಾಗ ಕಲಿಸ್ತಿದ್ರಲ್ರಿ?"

"ನಿನಗೊಬ್ಬಾಕಿಗೆ. ಅಪ್ಪ ಹೋದ ಮ್ಯಾಲ ನೀ ಮಾತ ಬಿಟ್ಟಿದ್ದಿ. ಅದರಾಗ ಸುತ್ತಲೂ ತಿಳೀದ ಭಾಷಾ. ನಿನ್ನ ಬಾಜೂಕ ಕುಂತು ಎಲ್ಲಾ ಕನ್ನಡದಾಗ ಹೇಳ್ತಿದ್ದೆ."

ಉಳಿದ ಮಕ್ಕಳು ಅವರನ್ನು ಮರಾಠಿ ರೂಢಿಯಂತೆ 'ಬಾಯಿ' ಎಂದು ಕರೆಯುತ್ತಿದ್ದದ್ದು ಆಗ ನೆನಪಾಯಿತು. ಅಕ್ಕೋರೇ ಎನ್ನುತ್ತಿದ್ದವಳು ನಾನೊಬ್ಬಳೇ.

ಅವರು ನನ್ನ ಹೆಸರು ಬರೆದರು, ವರ್ಷ ಬರೆದರು. ಮಾಧ್ಯಮದ ಮುಂದೆ ಪೆನ್ನು ನಿಂತಿತು. ಸೀಟಿನ ವಿಷಯ ನಾನು ಮೊದಲೇ ಹೇಳಿದ್ದೆ. "ಏನಂತ ಬರೀಲಿ?" ಎಂದರು. ಕನ್ನಡ ಎಂದಿದ್ದರೆ ಬರೆಯುತ್ತಿದ್ದರೋ ಏನೋ. ಅವರ ಮುಖ ನೋಡಿ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂಬುದು ತಿಳಿಯಲಿಲ್ಲ. ಆ ಸಿಟ್ಟೂ ಹೆಚ್ಚು ಹೊತ್ತು ಉಳಿಯಲಿಲ್ಲ.

"ಇದ್ದದ್ದು ಬರೀರಿ," ಎಂದೆ.

ಮರುದಿನ ಬೆಳಗಾವಿಗೆ ಹೋಗಿ ಅರ್ಜಿ ತಿದ್ದಿಸಿದೆ. ಕಿಟಕಿಯಾಚೆಯ ಗುಮಾಸ್ತರು, "ಇದನ್ನ ತಗದ್ರ ಮೀಸಲಾತಿ ಹೋಗತೈತಿ, ಗೊತ್ತೈತಿಲ್ಲವ್ವ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಗೊತ್ತು ಎಂದೆ. ಅಳು ಬರಬೇಕಿತ್ತು, ಬರಲಿಲ್ಲ. ಹೊರಗೆ ಬಂದು ಚಹಾ ಕುಡಿದೆ. ಬಿಸಿ ಇತ್ತೋ ಆರಿತ್ತೋ, ಹೇಳಲಾರೆ.

ಸೀಟು ಬೇರೆ ಯಾರದೋ ಪಾಲಾಯಿತು. ಮೀಸಲಾತಿ ಇಲ್ಲದೆ ನನ್ನ ಅಂಕಕ್ಕೆ ಅದು ಸಿಗುವಂತಿರಲಿಲ್ಲ. ಖಾನಾಪುರದಲ್ಲೇ ಬಿ.ಎಸ್ಸಿ. ಸೇರಿದೆ. ಸುದ್ದಿ ಹರಡುವಾಗ ಮುಂದಿದ್ದ ಅವ್ವ, ಹಿಂತೆಗೆದುಕೊಳ್ಳುವ ಕೆಲಸ ನನಗೇ ಬಿಟ್ಟಳು. ಓಣಿಯಲ್ಲಿ ಯಾರು ಕೇಳಿದರೂ "ಹೋತು" ಎಂದು ಮುಂದೆ ನಡೆಯುತ್ತಿದ್ದೆ. ತರಗತಿಯಲ್ಲಿ ಕೂರುತ್ತಿದ್ದೆ, ಮನೆಗೆ ಬಂದು ಅವ್ವ ಹೊಲಿದ ಬಟ್ಟೆಗೆ ಗುಂಡಿ ಹಚ್ಚುತ್ತಿದ್ದೆ. ದುಃಖ ಅನ್ನುವುದೂ ಆಗುತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಖಾನಾಪುರದ ಸಂತೆಯಲ್ಲಿ ಅಕ್ಕೋರು ಸಿಕ್ಕರು. ಸೀಟು ಏನಾಯಿತೆಂದು ಕೇಳಿದರು, ಹೇಳಿದೆ. ಕೈಚೀಲ ಕೆಳಗಿಟ್ಟರು.

"ನಾ ಅವತ್ತು ಎಲ್ಲಾರ ಗತೆ ನಿನಗೂ ಮರಾಠಿ ಮಾತಾಡಿದ್ರ, ಈ ತಪ್ಪು ಆಗ್ತಿರಲಿಲ್ಲ ನೋಡು."

"ಆಗ್ತಿರಲಿಲ್ರಿ," ಎಂದೆ. "ನಾನೂ ಮತ್ತ ಮಾತಾಡ್ತಿರಲಿಲ್ಲ."

ಇಷ್ಟು ತಿಂಗಳು ಬಾರದ ಅಳು ಅಲ್ಲಿ, ಮೆಣಸಿನಕಾಯಿ ರಾಶಿಯ ಮುಂದೆ ಬಂತು. "ಘಾಟು ಹತ್ತಿತೇನವ್ವ?" ಎಂದು ಮಾರುವವಳು ಕೇಳಿದಳು. ಹೂಂ ಎಂದೆ. ಅಕ್ಕೋರು ಸರಿದು ನನ್ನ ಬಾಜೂಕ ಬಂದು ನಿಂತರು.