ಬೇಲೆಕೇರಿಯಲ್ಲಿ ದೋಣಿ ಹಿಂದಕ್ಕೆ ತೆಗೆದದ್ದು

ಬೇಲೆಕೇರಿಗೆ ಬಸ್ಸಿಗೆ ಹೋಗಿದ್ದರೆ ನಾಲ್ಕೈದು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಆದರೆ ಎಂಬತ್ತೇಳರ ಆ ಡಿಸೆಂಬರಿನಲ್ಲಿ ಮಾಮಾ ತಮ್ಮ ಹಾಯಿದೋಣಿಗೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಅದರ ಮೊದಲ ಪ್ರಯಾಣ ತಪ್ಪಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಕಾರವಾರದ ಕೋಡಿಬಾಗದಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಹಂಚಿನ ಹೇರು, ಚುಕ್ಕಾಣಿ ಹಿಡಿದ ಮಾಮಾ, ಎಂಜಿನ್ ಬಳಿ ಅವರ ಮಗ ದಾಮೋದರ, ಮತ್ತು ಯಾವ ಕೆಲಸಕ್ಕೂ ಬಾರದ ನಾನು.

ದಾಮೋದರ ಗೋವೆಯಲ್ಲಿ ಯಂತ್ರದೋಣಿ ನಡೆಸಿದವನು. ಎಂಜಿನ್ ಬಂದ ಮೇಲೆ ಚುಕ್ಕಾಣಿಯೂ ತನ್ನದೇ ಎಂಬುದು ಅವನ ಎಣಿಕೆ. "ಇದೊಂದು ಟ್ರಿಪ್ ಸರಿಯಾಗಿ ಹೋಗಿಬಂದ್ರೆ ನೀನೇ ಹಿಡಿ ಅಪ್ಪಾ. ಒಂದು ಹಲಗೆ ಒಡದ್ರೂ ಮನೀಲಿ ಕೂತ್ಕೋ" ಎಂದು ಹೇಳಿಯೇ ಹತ್ತಿದ್ದ. ನಲವತ್ತು ವರ್ಷ ಚುಕ್ಕಾಣಿ ಹಿಡಿದವರಿಗೆ ಆಡುವ ಮಾತೇ ಅದು? ನನಗೆ ಸಿಟ್ಟು ಬಂತು. ಮಾಮಾ ಬೀಡಿ ಹಚ್ಚಿದರು.

ಗಾಳಿ ಚೆನ್ನಾಗಿತ್ತು. ಹಾಯಿಯಲ್ಲೇ ಹತ್ತೂವರೆಗೆ ಅಂಕೋಲೆಯ ಈಚೆಗಿನ ಬೇಲೆಕೇರಿ ಮುಟ್ಟಿ, ವಾಡಿಕೆಯಂತೆ ದೋಣಿಯ ಮೂತಿಯನ್ನು ಮರಳಿಗೆ ತಾಗಿಸಿ ನಿಲ್ಲಿಸಿದೆವು. ಹಂಚು ಇಳಿಸಿ, ಗಂಜಿಯ ಜೊತೆ ಸುಟ್ಟ ಒಣ ಬಂಗಡೆ ತಿಂದು ಏಳುವಾಗ ನೀರು ಇಳಿಯತೊಡಗಿತ್ತು. ಮೊದಲಾದರೆ ನಾಲ್ಕಾಳು ನೀರಿಗಿಳಿದು ದೋಣಿಯನ್ನು ಹಿಂದಕ್ಕೆ ನೂಕುತ್ತಿದ್ದರು. ಎಂಜಿನ್ ಇದೆಯಲ್ಲ ಎಂದು ಈ ಸಲ ಯಾರನ್ನೂ ಕರೆತಂದಿರಲಿಲ್ಲ.

ದಾಮೋದರ ರಿವರ್ಸ್ ಹಾಕಿದ. ದೋಣಿ ಮರಳು ಬಿಟ್ಟಿತು; ಆದರೆ ಅದರ ಹಿಂಭಾಗ ನೇರ ಹೋಗದೆ ಎಡಗಡೆಯ ಬಂಡೆಗಳತ್ತ ಸರಿಯಿತು. ಮಾಮಾ ಮೂತಿಯತ್ತಲೇ ನೋಡುತ್ತ, ಮುಂದೆ ಹೋಗುವಾಗಿನ ಅಭ್ಯಾಸದಂತೆ ಚುಕ್ಕಾಣಿ ಎಳೆದರು. ಹಿಂದಕ್ಕೆ ಹೋಗುವಾಗ ಚುಕ್ಕಾಣಿಯ ಕೆಲಸ ಉಲ್ಟಾ; ಬಂಡೆ ಇನ್ನೂ ಹತ್ತಿರವಾಯಿತು. ನೀರಿನ ಹೊಡೆತಕ್ಕೆ ಚುಕ್ಕಾಣಿಯ ಹಿಡಿ ಅವರ ಕೈಯಿಂದ ಕಿತ್ತುಕೊಂಡು ಪಕ್ಕೆಗೆ ಬಡಿಯಿತು.

"ಬಂಡೆಗೆ ಮೂರೇ ಮಾರು!" ಎಂದು ಕಿರುಚಿದೆ.

"ಅಪ್ಪಾ, ತಿರುಗಿ ನಿಲ್ಲು! ಹಿಂದೆ ನೋಡ್ಕಂಡು ಹಿಡಿ. ಇಲ್ಲಾಂದ್ರೆ ಬಿಡು, ನಾ ಬತ್ತೆ!"

"ಮೂತಿಗೆ ಬೆನ್ನು ಹಾಕೂದಾ? ನಾನಾ?"

ಕುಂಕುಮ ಹಚ್ಚಿ ಕಾಯಿ ಒಡೆಯುವ ಆ ಮೂತಿ ಅವರ ಮನೆಯವರಿಗೆ ದೇವರು. ಚುಕ್ಕಾಣಿ ಹಿಡಿದವನು ಅದಕ್ಕೆ ಬೆನ್ನು ತೋರಿಸಬಾರದು. ಬಂಡೆಗೆ ಅಂಟಿದ ಚಿಪ್ಪುಗಳು ಒಂದೊಂದಾಗಿ ಕಾಣುತ್ತಿದ್ದವು.

ಮಾಮಾ ಮೂತಿಗೆ ಕೈಮುಗಿದರು. ಗರ್ರನೆ ತಿರುಗಿ, ಹಿಡಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು, "ಜೋರು ಮಾಡೋ!" ಎಂದು ಕೂಗಿದರು. ವೇಗ ಏರಿದ ಮೇಲೆ ಚುಕ್ಕಾಣಿ ಮಾತು ಕೇಳಿತು. ದೋಣಿ ಬಂಡೆಯಿಂದ ಸ್ವಲ್ಪ ಸ್ವಲ್ಪವೇ ದೂರವಾಗಿ, ಹಿಂದುಹಿಂದಕ್ಕೇ ಆಳದ ನೀರು ಸೇರಿತು.

ಒಂದು ಗೀರೂ ಬಿದ್ದಿರಲಿಲ್ಲ. ದಾಮೋದರ ತಲೆ ತಗ್ಗಿಸಿ, "ನೀನೇ ಹಿಡಿ ಅಪ್ಪಾ. ನಾ ಇನ್ನು ಕೇಳೂದಿಲ್ಲ" ಎಂದ. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

ಮಾಮಾ ಹಿಡಿಯನ್ನು ಅವನ ಕೈಗೇ ಕೊಟ್ಟರು. "ಬ್ಯಾಡ. ಎಂಜಿನ್ ಇದ್ಮೇಲೆ ದಿನಾ ಬೆನ್ನು ಹಾಕ್ಬೇಕಲಾ. ನಂಗೆ ಒಂದು ಸಲ ಸಾಕು."

ಮುಂದೆ ಹೋಗಿ ಮೂತಿಯ ಪಕ್ಕ ಕೂತರು. ಗೆದ್ದವರು ಹೀಗೆ ಕೂತದ್ದು ನೋಡಿ ನನಗೆ ಅಳು ಬಂತು. ಕೋಡಿಬಾಗ ಮುಟ್ಟುವವರೆಗೆ ಅವರು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.