ಕೈ ಬಲಿಯುವವರೆಗೆ

ಡಯಾಲಿಸಿಸ್ಸಿಗೆಂದು ಕುತ್ತಿಗೆಗೆ ಪೈಪು ಹಾಕಿದ ದಿನ ನಮ್ಮ ಯಜಮಾನರು ಡಾಕ್ಟರಮ್ಮನನ್ನು ಕೇಳಿದ ಮೊದಲ ಮಾತು, "ತಲೆಗೆ ನೀರ್ ಯಾವಾಗ ಹಾಕ್ಕೋಬೋದು?" ಬದುಕುತ್ತೀನಾ ಎಂದು ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವರು ಹಂಡೆ ನೀರಿನ ಮನುಷ್ಯ. ಚೇಳೂರಿನ ನಮ್ಮ ಮನೆಯಲ್ಲಿ ದಿನಾ ಸುಡುಸುಡು ನೀರು ತಲೆಗೆ ಸುರಿದುಕೊಳ್ಳದೆ ತಿಂಡಿಗೆ ಕೂತವರಲ್ಲ.

ಪೈಪು ಒದ್ದೆಯಾದರೆ ನಂಜು ರಕ್ತಕ್ಕೇ ಏರುತ್ತದಂತೆ. ಅದಕ್ಕೇ ಎಡಗೈಗೆ ಆಪರೇಷನ್ ಮಾಡಿ ಎರಡು ರಕ್ತನಾಳ ಸೇರಿಸಿದರು. ಫಿಸ್ಟುಲಾ ಅನ್ನುತ್ತಾರೆ. ಆ ನಾಳ ಉಬ್ಬಿ ಗಟ್ಟಿಯಾದ ಮೇಲೆ ಸೂಜಿ ಅಲ್ಲಿಗೇ ಹಾಕಬಹುದು, ಪೈಪು ತೆಗೆಯಬಹುದು. ಅವಸರಪಟ್ಟು ಎಳೆಯ ನಾಳಕ್ಕೆ ಚುಚ್ಚಿದರೆ ಅದು ಹಾಳಾಗಿ, ಪಟ್ಟ ಪಾಡೆಲ್ಲ ದಂಡವಾಗಬಹುದು.

ಇವರಿಗೆಲ್ಲಿ ತಾಳ್ಮೆ? ಡಯಾಲಿಸಿಸ್ಸಿಗೆ ತುಮಕೂರಿಗೆ ಹೋದಾಗಲೆಲ್ಲ ಕೈ ಚಾಚಿ, "ಇವತ್ ಚುಚ್ಬುಡಿ" ಅನ್ನುವುದು. ಒಂದು ದಿನ ಬಸ್ಸಿನಲ್ಲೇ ಜಾಡಿಸಿದೆ. "ಕೊಬ್ರಿ ಆಗ್ಲಿ ಅಂತ ಕಾಯಿನ ವರ್ಷಗಟ್ಲೆ ಅಟ್ಟದ್ ಮೇಲಿಟ್ಕೊಂಡ್ ಕಾಯ್ತೀರಿ. ಯಾರಾದ್ರೂ ಮೊದ್ಲೇ ಒಡುದ್ರೆ ಹೊಡಿಯಕ್ ಹೋಗ್ತೀರಿ. ನಿಮ್ ಕೈಗೆ ಎರಡ್ ತಿಂಗ್ಳು ಕೊಡಕ್ಕಾಗಲ್ವಾ?" ಪಕ್ಕದ ಸೀಟಿನವರು ನಕ್ಕರು. ಇವರು ಕಿಟಕಿ ಕಡೆ ತಿರುಗಿ ಕೂತರು.

ಮಾರನೆಯ ಬೆಳಿಗ್ಗೆಯಿಂದ ಹೊಸ ವರಸೆ. ಅಟ್ಟದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯಾ ಎಂದು ಕೇಳುತ್ತಾರಲ್ಲ, ಹಾಗೇ ಎಡಗೈ ಮಣಿಕಟ್ಟನ್ನು ಕಿವಿಗೆ ಒತ್ತಿಕೊಂಡು ಕೂರುವರು. ಒಳಗೆ ರಕ್ತ ಗುಂಯ್ ಅನ್ನುತ್ತಿತ್ತು. ನನಗೂ ಕೇಳಿಸಿದರು.

ಅಷ್ಟರಲ್ಲಿ ಪೈಪಿಗೆ ನಂಜಾಗಿ ಜ್ವರ ಬಂತು. ಹಲ್ಲು ಕಟಕಟ ಕಡಿಯುವ ಚಳಿ. ಆಸ್ಪತ್ರೆಗೆ ಕರೆದುಕೊಂಡು ಓಡಿದೆ. ಡಾಕ್ಟರಮ್ಮನ ಕೈ ಹಿಡಿದು, "ಆ ಪೈಪ್ ಕಿತ್ತಾಕಿ ಮೇಡಂ, ಕೈಗೇ ಚುಚ್ಚಿ, ಆಗಿದ್ದಾಗ್ಲಿ" ಎಂದು ಅತ್ತೆ. ಅವರು ಬಾಯಿ ತೆರೆಯುವ ಮೊದಲೇ ಮಂಚದಿಂದ ಇವರ ದನಿ ಬಂತು. ನಡುಗುತ್ತಲೇ ಮಣಿಕಟ್ಟನ್ನು ಕಿವಿಗಿಟ್ಟುಕೊಂಡಿದ್ದರು.

"ಬ್ಯಾಡ ಕಣೇ. ಇನ್ನೂ ಬಲ್ತಿಲ್ಲ."

ಡಾಕ್ಟರಮ್ಮ ಸ್ಕ್ಯಾನ್ ಮಾಡಿ ನೋಡಿ ಅದನ್ನೇ ಹೇಳಿದರು. ಹಳೆ ಪೈಪು ತೆಗೆದು, ಜ್ವರ ಇಳಿದ ಮೇಲೆ ಕುತ್ತಿಗೆಯ ಇನ್ನೊಂದು ಕಡೆ ಹೊಸದು ಹಾಕಿದರು. ಮತ್ತೆ ಕಾದೆವು. ಈ ಸಲ ಅವರು ಒಂದು ದಿನವೂ ಕೈ ಚಾಚಲಿಲ್ಲ.

ಕೊನೆಗೆ ಡಾಕ್ಟರಮ್ಮನೇ ಸರಿ ಎಂದು ಮೊದಲ ಸೂಜಿ ಹಾಕಿಸಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕೈ ಊದಲಿಲ್ಲ, ರಕ್ತ ಸಲೀಸಾಗಿ ಹರಿಯಿತು. ಕೆಲವು ಸಲ ಹಾಗೇ ನಡೆದ ಮೇಲೆ ಪೈಪು ತೆಗೆದರು. ಗಾಯವೂ ಮಾಯಿತು.

ಆ ಬೆಳಿಗ್ಗೆ ಹಂಡೆ ತುಂಬ ನೀರು ಕಾಯಿಸಿದೆ. ಬಚ್ಚಲಲ್ಲಿ ಕೂರಿಸಿ ನಾನೇ ತಲೆಗೆ ಹುಯ್ದೆ. ಮೊದಲ ಚೊಂಬಿಗೆ ಅವರು ಉಸಿರೇ ಬಿಡಲಿಲ್ಲ. ಎರಡನೆಯದಕ್ಕೆ ಹೆಗಲು ಅದುರತೊಡಗಿತು. ನಾನು ಚೊಂಬು ಹಿಡಿದು ಹಾಗೇ ನಿಂತುಬಿಟ್ಟೆ.

"ಅಳ್ತಿದೀರಾ?"

"ಸುಮ್ನೆ ಹುಯ್ಯೇ," ಅಂದರು. "ನೀರ್ ಆರೋಗ್ತದೆ."