ಮುರಿಗೆಪ್ಪ ಸರಿಸದ ಪಿನ್ನು

ಮುರಿಗೆಪ್ಪನವರಿಗೆ ಈಜು ಬರುತ್ತಿರಲಿಲ್ಲ. ದೋಣಿ ಹತ್ತಿದರೆ ತಲೆ ಸುತ್ತುತ್ತಿತ್ತು. ಧಾರವಾಡದ ಕಡೆಯ ಮನುಷ್ಯ, ಮುಂಬಯಿಗೆ ಬರುವವರೆಗೆ ಕೆರೆಗಿಂತ ದೊಡ್ಡ ನೀರು ಕಂಡವರಲ್ಲ. ಅಂಥವರನ್ನು ನಮ್ಮ ಹಡಗು ಕಂಪನಿ ನಕಾಶೆಯ ಮುಂದೆ ನಿಲ್ಲಿಸಿತ್ತು. ಕಂಪನಿಯ ಬುದ್ಧಿಗೆ ನಾನು ಅಂದಿನಿಂದಲೂ ಕೈಮುಗಿಯುತ್ತ ಬಂದಿದ್ದೇನೆ.

ಮುಂಬಯಿ ಫೋರ್ಟಿನ ನಮ್ಮ ಕಚೇರಿಯಲ್ಲಿ ನಾನು ಟೈಪಿಸ್ಟ್. ಕೆಳಗಿನ ಪಡಸಾಲೆಯ ಗೋಡೆಯ ತುಂಬ ಸಮುದ್ರದ ನಕಾಶೆ. ಒಂದೊಂದು ಹಡಗಿಗೆ ಒಂದೊಂದು ಪಿನ್ನು, ಪಿನ್ನಿಗೊಂದು ಕಾಗದದ ಬಾವುಟ. ಬೆಳಿಗ್ಗೆ ತಂತಿಗಳು ಬಂದವೆಂದರೆ ಮುರಿಗೆಪ್ಪ ಸ್ಟೂಲು ಹತ್ತಿ, ಯಾವ ಹಡಗು ಎಲ್ಲಿಗೆ ಬಂದಿದೆಯೋ ಅಲ್ಲಿಗೆ ಅದರ ಪಿನ್ನು ಚುಚ್ಚುತ್ತಿದ್ದರು. ತಂತಿ ಬಾರದ ದಿನ ಅಂದಾಜಿನ ಮೇಲೆ ಪಿನ್ನನ್ನು ಒಂದಿಷ್ಟು ಮುಂದೆ ತಳ್ಳುವುದು ಕಂಪನಿಯ ಪದ್ಧತಿ. ಗೋಡೆಯ ಮೇಲೆ ನಮ್ಮ ಹಡಗುಗಳು ನಿಂತದ್ದೇ ಇಲ್ಲ.

ಬಾಗಿಲಲ್ಲಿ ದಿನವೂ ಹಡಗಿನಲ್ಲಿ ದುಡಿಯುವ ಖಲಾಸಿಗಳ ಮನೆಯ ಹೆಂಗಸರು ಬಂದು ನಿಲ್ಲುತ್ತಿದ್ದರು. ಓದು ಬಾರದವರಿಗೂ ಪಿನ್ನು ಅರ್ಥವಾಗುತ್ತಿತ್ತು. ತಮ್ಮವರ ಪಿನ್ನು ಏಡನ್ ದಾಟಿತೆಂದರೆ ಚಾಳಿನ ಖೋಲಿಗೆ ಸುಣ್ಣ ಬಳಿಯುವುದು, ಬರುವವನ ಗಂಜಿಗೆಂದು ಊರಿನ ಕುಚ್ಚಲಕ್ಕಿ ಹೊಂದಿಸುವುದು ಶುರು. ಒಮ್ಮೆ ಅಪ್ಪಿ ಎಂಬ ಉಡುಪಿ ಕಡೆಯ ಮುದುಕಿ, ಮಗನ ಪಿನ್ನು ಮುಂಬಯಿ ಮುಟ್ಟಿದ್ದನ್ನು ಕಂಡು ಕಡುಬು ಬೇಯಿಸಿಕೊಂಡು ಬಂದರಿನ ಡಾಕಿಗೆ ಹೋದಳು. ಹಡಗು ಕೆಟ್ಟು ಇನ್ನೂ ಏಡನ್ನಿನಲ್ಲೇ ಕೂತಿತ್ತು. ಅವಳು ತಿರುಗಿ ಬಂದವಳೇ ಕಡುಬಿನ ಗಂಟನ್ನು ಮುರಿಗೆಪ್ಪನವರ ಮೇಜಿನ ಮೇಲಿಟ್ಟಳು.

"ಹಡಗು ಬರಲಿಲ್ಲ ಮಗಾ. ಬಂದದ್ದು ನಿನ್ನ ಪಿನ್ನು. ಅದಕ್ಕೇ ತಿನ್ನಿಸು."

ನಾವು ನಕ್ಕೆವು. ಮುರಿಗೆಪ್ಪ ನಗಲಿಲ್ಲ. ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಲೂ ಇಲ್ಲ.

ಐವತ್ತಾರರ ಮಳೆಗಾಲದಲ್ಲಿ ಮೊಂಬಾಸಾದಿಂದ ಹೊರಟ ನಮ್ಮ 'ರತ್ನಸಾಗರ' ನಡುನೀರಿನಲ್ಲಿ ಮಾತು ನಿಲ್ಲಿಸಿತು. ಮೊದಲ ದಿನ ತಂತಿಯಿಲ್ಲ. ಮರುದಿನವೂ ಇಲ್ಲ. ಮುರಿಗೆಪ್ಪ ಸ್ಟೂಲು ಹತ್ತಿ ಉಳಿದ ಹಡಗುಗಳನ್ನೆಲ್ಲ ಸರಿಸಿ, ಇದೊಂದನ್ನು ಇದ್ದಲ್ಲೇ ಬಿಟ್ಟು ಇಳಿದರು. ಮ್ಯಾನೇಜರ್ ನೋಡಿದರು.

"ಅರೇ, ಪಿನ್ ಆಗೇ ಕರೋ!" ಪಿನ್ನು ಮುಂದೆ ತಳ್ಳು ಎಂದು ಹಿಂದಿಯಲ್ಲಿ ಗದರಿದರು.

"ಖಬರ್ ನಹೀ, ತೋ ಪಿನ್ ಭೀ ನಹೀ ಸಾಹೇಬ್," ಎಂದರು ಮುರಿಗೆಪ್ಪ, ತಮ್ಮ ಧಾರವಾಡದ ಹಿಂದಿಯಲ್ಲಿ. ಸುದ್ದಿ ಇಲ್ಲದ ಮೇಲೆ ಪಿನ್ನೂ ಸರಿಯುವುದಿಲ್ಲ ಎಂದು.

ಪಿನ್ನು ನಿಂತರೆ ಮ್ಯಾನೇಜರಿಗೆ ಏನು ಕಷ್ಟ ಎನ್ನುತ್ತೀರಿ. ಆ ಪಡಸಾಲೆಗೆ ಮಾಲು ಕಳಿಸುವ ವ್ಯಾಪಾರಿಗಳೂ ಬರುತ್ತಿದ್ದರು. ನಿಂತ ಹಡಗನ್ನು ಕಂಡರೆ ಅವರು ಬೇರೆ ಕಂಪನಿಗೆ ಹೋದಾರು ಎಂಬ ಹೆದರಿಕೆ. ಹಾಗಂತ ಹಡಗನ್ನು ಹುಡುಕಿಸಿದರೆ ಊರಿಗೆಲ್ಲ ಸುದ್ದಿ. ಪಿನ್ನು ನಡೆಯುತ್ತಿದ್ದರೆ ಯಾರೂ ಕೇಳುವುದಿಲ್ಲ, ಕೇಳದಿದ್ದರೆ ಹುಡುಕುವುದೂ ಬೇಡ. ಹಡಗಿನಲ್ಲಿದ್ದ ಜನ ಏನಾದರೇನು? ಈಗ ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಆ ಹಡಗಿನ ಅಡುಗೆಯವನು ಚೆನ್ನಯ. ಅವನ ಹೆಂಡತಿ ಮೋಹಿನಿ ಮಜಗಾಂವಿನಿಂದ ನಡೆದು ಬಂದು, ನೆನೆದ ಸೆರಗು ಹಿಂಡುತ್ತ ನಕಾಶೆ ನೋಡಿದಳು.

"ಅಣ್ಣ, ಇದು ಯಾಕೆ ನಿಂತದ್ದು? ನಿನ್ನೆಯೂ ಇಲ್ಲೇ ಇತ್ತಲ್ಲ?"

ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು. ಮುರಿಗೆಪ್ಪ ದನಿ ತಗ್ಗಿಸಲಿಲ್ಲ.

"ಸುದ್ದಿ ಇಲ್ಲ ತಂಗಿ. ಹಡಗ ಎಲ್ಲೈತಿ ಅಂತ ನನಗ ಗೊತ್ತಿಲ್ಲ. ಇವರಿಗೂ ಗೊತ್ತಿಲ್ಲ. ಯಾರೂ ಹುಡುಕವಲ್ಲರು."

ಮೋಹಿನಿ ಅಳುತ್ತಾಳೆ ಎಂದುಕೊಂಡೆ. ಅವಳು ಬಂದ ದಾರಿಯಲ್ಲೇ ಸರಸರನೆ ಹೊರಟುಹೋದಳು.

ಸಂಜೆ ಮ್ಯಾನೇಜರ್ ತಾವೇ ಸ್ಟೂಲು ಹತ್ತಿ ಪಿನ್ನನ್ನು ಗೇಣುದ್ದ ಮುಂದೆ ಚುಚ್ಚಿದರು. ಬೆಳಿಗ್ಗೆ ಮುರಿಗೆಪ್ಪ ಅದನ್ನು ಕಿತ್ತು ಕೊನೆಯ ತಂತಿ ಬಂದ ಜಾಗಕ್ಕೆ ತಂದರು. ಮ್ಯಾನೇಜರ್ ಎಲ್ಲರೆದುರು ಕೂಗಾಡಿ, ಅಲ್ಲೇ ಅವರನ್ನು ಕೆಲಸದಿಂದ ತೆಗೆದರು. ಮುರಿಗೆಪ್ಪ ಕೊಡೆ ತೆಗೆದುಕೊಂಡು ಹೊರಗೆ ಹೋದವರು ಮನೆಗೆಂದು ಮುಲುಂಡಿನ ಲೋಕಲ್ ರೈಲು ಹಿಡಿಯಲಿಲ್ಲ. ಕಚೇರಿಯ ಎದುರಿನ ಫುಟ್‌ಪಾತಿನಲ್ಲಿ ಕೊಡೆ ಬಿಚ್ಚಿ ನಿಂತರು. ಬಂದ ಹೆಂಗಸರಿಗೆ, ವ್ಯಾಪಾರಿಗಳಿಗೆ, ದಾರಿಹೋಕರಿಗೆ ಒಂದೇ ಮಾತು: ರತ್ನಸಾಗರದ ಸುದ್ದಿ ಇಲ್ಲ, ಹುಡುಕುವವರೂ ಇಲ್ಲ.

ಸುಮ್ಮನಿರಿ ಎಂದು ಹೇಳಲು ನಾನು ಹೋದೆ.

"ನೌಕರಿ ಹೋತು, ಬಾಯಿ ಹೋಗಿಲ್ಲೋ ಮಾರಾಯಾ," ಎಂದರು.

ಮನೆಯಲ್ಲಿ ಏನೆಂದರು ಎಂದು ಮರುದಿನ ಕೇಳಿದೆ. ಹೆಂಡತಿ ಮಲ್ಲವ್ವ ಎಲ್ಲ ಕೇಳಿಸಿಕೊಂಡು, "ನಾಳೆ ನಿಲ್ಲೂದಾದ್ರ ಎರಡು ರೊಟ್ಟಿ ಹೆಚ್ಚಿಗಿ ಕಟ್ಟತೀನಿ" ಎಂದಳಂತೆ. ಗಂಡನಿಗೆ ತಕ್ಕ ಹೆಂಡತಿ.

ಅಷ್ಟರಲ್ಲಿ ಮೋಹಿನಿ ಬಂದಳು. ಅವಳ ಹಿಂದೆ ಮಜಗಾಂವ್, ಡೋಂಗ್ರಿಯ ಚಾಳುಗಳ ಹೆಂಗಸರೆಲ್ಲ, ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು. ನೇರ ಒಳಗೆ ನುಗ್ಗಿ ನಕಾಶೆಯ ಕೆಳಗೆ ಕೂತರು. ಕಾವಲುಗಾರ ಲಾಠಿ ಎತ್ತಿದ. ಮೋಹಿನಿ ಅವನ ಮುಖಕ್ಕೇ ಅಂದಳು, "ಹೊಡಿ. ಹಡಗಿನವರನ್ನು ಹುಡುಕುವವರೆಗೆ ನಾವು ಏಳುವುದಿಲ್ಲ." ವ್ಯಾಪಾರಿಗಳು ಬಾಗಿಲಿಂದಲೇ ತಿರುಗಿದರು. ಕಂಪನಿಗೆ ಆಗ ಬಿಸಿ ತಟ್ಟಿತು. ಸಮುದ್ರದ ಮೇಲಿದ್ದ ಹಡಗುಗಳಿಗೆಲ್ಲ ರತ್ನಸಾಗರವನ್ನು ಹುಡುಕಿರೆಂದು ವೈರ್‌ಲೆಸ್ಸಿನಲ್ಲಿ ಸುದ್ದಿ ಬಿಡಲಾಯಿತು.

ಎಣ್ಣೆ ಸಾಗಿಸುವ ಹಡಗೊಂದು ರತ್ನಸಾಗರವನ್ನು ಕಂಡಿತು. ಯಂತ್ರ ಸತ್ತು, ವೈರ್‌ಲೆಸ್ಸೂ ಸತ್ತು, ಗಾಳಿ ದೂಡಿದತ್ತ ತೇಲುತ್ತಿತ್ತು. ಕುಡಿಯುವ ನೀರು ಮುಗಿದು ಜನ ಮಳೆಗೆ ತಾಡಪಾಲು ಹಿಡಿದು ಬದುಕಿದ್ದರು. ಒಬ್ಬ ಎಳೆಯ ಖಲಾಸಿ ಸತ್ತಿದ್ದ. ಚೆನ್ನಯ ಎಲುಬು ಚರ್ಮವಾಗಿ ಮನೆಗೆ ಬಂದ.

ಮ್ಯಾನೇಜರ್ ಮುರಿಗೆಪ್ಪನವರನ್ನು ಕರೆಸಿದರು. ನಸೀಬು ಒಳ್ಳೆಯದಿತ್ತು, ಹಡಗು ಸಿಕ್ಕಿತು, ಒಂದು ಮಾಫಿ ಕೇಳಿ ಹಳೆಯ ಕುರ್ಚಿಯಲ್ಲಿ ಕೂರು ಎಂದರು. ನಾವೆಲ್ಲ ಕೈಕೆಲಸ ಬಿಟ್ಟು ನೋಡುತ್ತಿದ್ದೆವು.

ಮುರಿಗೆಪ್ಪ ಹಿಂದಿಯ ಗೊಡವೆಗೇ ಹೋಗಲಿಲ್ಲ. "ಹಡಗ ಸಿಕ್ತು ಅಂತ ನನ್ನ ಮಾತು ಖರೇ ಆಗಲಿಲ್ರಿ. ಮುಳುಗಿದ್ರೂ ಖರೇನ ಇತ್ತು. ಮಾಫಿ ಕೇಳೂದಿದ್ರ ಆ ಸತ್ತ ಹುಡುಗನ ಅವ್ವನ್ನ ಹೋಗಿ ಕೇಳ್ರಿ."

ಮ್ಯಾನೇಜರಿಗೆ ಕನ್ನಡ ಬಾರದು. ಆದರೂ ಅನುವಾದಿಸು ಎಂದು ನನಗೆ ಹೇಳಲಿಲ್ಲ. ಮುರಿಗೆಪ್ಪ ಹೊರಟುಹೋದರು. ಮುಂದೆ ಮುಲುಂಡಿನ ಒಂದು ಕಾಳಿನ ಅಂಗಡಿಯಲ್ಲಿ ದುಡಿದರು, ಅಲ್ಲೂ ಮಾಲೀಕನೊಡನೆ ಜಗಳವಾಡುತ್ತಲೇ.

ಅವರು ಹಾಗೆ ಹೊರಟುಹೋದ ಮರುದಿನದಿಂದ ನಕಾಶೆಯ ಕೆಲಸ ನನ್ನ ತಲೆಗೆ ಬಂತು. ಒಂದು ಬೆಳಿಗ್ಗೆ ಒಂದು ಹಡಗಿನ ತಂತಿ ಬರಲಿಲ್ಲ. ಬಾಗಿಲಲ್ಲಿ ಹೆಂಗಸರು ನಿಂತಿದ್ದರು, ಬೆನ್ನ ಹಿಂದೆ ಮ್ಯಾನೇಜರ್ ನಿಂತಿದ್ದರು. ನಾನು ಉಳಿದ ಪಿನ್ನುಗಳನ್ನು ಸರಿಸಿ, ಅದೊಂದನ್ನು ಮುಟ್ಟದೆ ಸ್ಟೂಲಿನಿಂದ ಇಳಿದೆ.